ಕೂಗುವುದನ್ನು ನಿಲ್ಲಿಸಿದ ಕಾರು

ಕಾರಿನ ಬಾನೆಟ್ ಎತ್ತಿದಾಗ ನಿಮಗೆ ಯಾವತ್ತಾದರೂ ಗಂಡನ ವಾಸನೆ ಬಂದದ್ದುಂಟಾ? ಇಲ್ಲ ಅನ್ನುತ್ತೀರಿ. ಹಾಗಾದರೆ ಒಂದೋ ನೀವು ಬಾನೆಟ್ಟಿನೊಳಗೆ ತಲೆ ಹಾಕಿಲ್ಲ, ಇಲ್ಲವೇ ಗಂಡನ ಬಟ್ಟೆಯನ್ನು ನೀವೇ ಒಗೆದಿಲ್ಲ. ನಾನು ಎರಡನ್ನೂ ಮಾಡಿದ್ದೇನೆ. ಅದಕ್ಕೇ ಇದನ್ನು ಬರೆಯುವ ಧೈರ್ಯ.

ಬರೆಯುವುದು ಅಂದರೆ ಫೋನಿನಲ್ಲಿ. ಕಲಿಸಿದವಳು ನನ್ನ ಸೊಸೆ. ನಾನು ಒಂದೊಂದು ಅಕ್ಷರವನ್ನೂ ಬೆರಳಿನಿಂದ ಗುದ್ದುವುದನ್ನು ನೋಡಿ, "ಅತ್ತಮ್ಮ, ಮುದ್ದೆ ತೊಳಸ್ತಾ ಇದ್ದೀರಾ? ಸುಮ್ಕೆ ಮುಟ್ಟಿದ್ರೆ ಸಾಕು" ಎಂದು ನಗುತ್ತಾಳೆ. ಅವಳ ಋಣ ನನ್ನ ಮೇಲಿದೆ. ನನ್ನದೂ ಸ್ವಲ್ಪ ಅವಳ ಮೇಲಿದೆ ಅಂದುಕೊಂಡಿದ್ದೇನೆ. ಆ ಸ್ವಲ್ಪದ ಕಥೆ ಇದು.

ಸೊಸೆಯದು ಹಿಟ್ಟಿನ ವ್ಯಾಪಾರ. ಆಂಡರ್ಸನ್‌ಪೇಟೆಯ ನಮ್ಮ ಮನೆಯ ಹಿಂದುಗಡೆ ಗ್ರೈಂಡರ್ ಇಟ್ಟುಕೊಂಡು ಇಡ್ಲಿ, ದೋಸೆ ಹಿಟ್ಟು ರುಬ್ಬುತ್ತಾಳೆ. ಬೆಳಿಗ್ಗೆ ಬಕೆಟ್ಟುಗಳಿಗೆ ತುಂಬಿ, ಕಾರಿನಲ್ಲಿಟ್ಟು, ಬಂಗಾರಪೇಟೆಯ ಸ್ಟೇಷನ್ ಹತ್ತಿರದ ಟಿಫನ್ ಅಂಗಡಿಗಳಿಗೆ ಕೊಟ್ಟು ಬರುತ್ತಾಳೆ. ಕಾರು ನನ್ನ ಮಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ನಮ್ಮ ಬಾಗಿಲಿಗೆ ಬರುವಷ್ಟರಲ್ಲೇ ಅದು ಬೇರೆಯವರ ಮನೆಯಲ್ಲಿ ಮುಪ್ಪಾಗಿತ್ತು. ಮಗನಿಗೆ ಫ್ಯಾಕ್ಟರಿಯ ಬಸ್ಸಿದೆ, ವಾರವೆಲ್ಲ ಕಾರು ಅವಳದೇ. ಹಿಂದಿನ ಸೀಟಿನಲ್ಲಿ ನಾನು. ಬೇಸಿಗೆಯಲ್ಲಿ ಹಿಟ್ಟು ಉಬ್ಬಿ ಮುಚ್ಚಳ ಎತ್ತುತ್ತದೆ, ಅದನ್ನು ಅದುಮಿ ಹಿಡಿಯುವುದು ನನ್ನ ಉದ್ಯೋಗ. ಜೊತೆಗೆ ಬಿಟ್ಟಿ ಸಲಹೆ.

ನಮ್ಮ ಯಜಮಾನರು ಮನೆಯಲ್ಲೇ ಇರುತ್ತಾರೆ. ನಮ್ಮೂರಿನ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರಿಗೆ ಅದರ ಮೈಸೂರು ಮೈನ್ಸ್ ಕಡೆ ಕೆಲಸ. ಆಳುಗಳನ್ನು ಕೆಳಗಿಳಿಸುವ ಪಂಜರದ ಉಕ್ಕಿನ ಹಗ್ಗಕ್ಕೆ ಗ್ರೀಸ್ ಹಚ್ಚುವುದು, ಎಳೆ ಎಳೆಯಾಗಿ ನೋಡುವುದು. ಗಣಿ ಮುಚ್ಚಿತು, ಅಭ್ಯಾಸ ಮುಚ್ಚಲಿಲ್ಲ. ಒಂದು ಹಳೆಯ ಗ್ರೀಸ್ ಡಬ್ಬ ಮಂಚದ ಕೆಳಗೆ ಇವತ್ತಿಗೂ ಇದೆ. ಗೇಟು, ಹೊಲಿಗೆ ಯಂತ್ರ, ಬಾವಿಯ ರಾಟೆ, ಪಕ್ಕದ ಮನೆಯ ಮಗುವಿನ ಮೂರು ಗಾಲಿ ಸೈಕಲ್ಲು, ಯಾವುದು ಕಿರ್ರ್ ಅಂದರೂ ಅವರ ಬೆರಳು ಅಲ್ಲಿರುತ್ತದೆ. ನಮ್ಮ ಮನೆಯಲ್ಲಿ ಕಿರುಗುಟ್ಟುವ ಹಕ್ಕಿರುವುದು ನನಗೊಬ್ಬಳಿಗೇ.

ಈ ಕಾರಿಗೆ ಒಂದು ಕೂಗು ರೋಗ ಹಿಡಿದಿತ್ತು. ಸ್ಟೀರಿಂಗ್ ತಿರುಗಿಸಿದರೆ ಸಾಕು, ಮುಂದಿನಿಂದ ಕೀಂಯ್ ಎಂದು ಅರಚುತ್ತಿತ್ತು. ಬಂಗಾರಪೇಟೆಯಲ್ಲಿ ನಾವು ಮೂಲೆ ತಿರುಗುವ ಮೊದಲೇ ಟಿಫನ್ ಅಂಗಡಿಯವನು ಒಳಗಿನವರಿಗೆ ಕೂಗಿ ಹೇಳುತ್ತಿದ್ದ: "ಲೇ, ಅಂದಿಮರಿ ಬಂತು, ಪಾತ್ರೆ ತಗೊಂಬನ್ರೋ!"

ಹಂದಿಮರಿ ಅಂದರೆ ನಮ್ಮ ಕಾರು. ಬೆಂಚಿನ ಮೇಲೆ ಕೂತವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸೊಸೆ ನಗುತ್ತಿರಲಿಲ್ಲ. ಒಂದು ದಿನ ಮನೆಗೆ ಬಂದವಳೇ ಮಾವನ ಮುಂದೆ, "ಆ ಬೀದಿಗೆ ಓಗಾಕೇ ನಾಚ್ಕೆ ಆಯ್ತದೆ ಮಾವ" ಎಂದು ಕಣ್ಣು ಒರೆಸಿಕೊಂಡಳು. ಅವರು ಎದ್ದು ಹೋಗಿ ಕಾರಿನ ಸುತ್ತ ಒಂದು ಸುತ್ತು ಬಂದರು.

ಮಾರನೆಯ ಬೆಳಿಗ್ಗೆ ಕಾರು ಕೂಗಲಿಲ್ಲ. ಗೇಟಿನ ಹತ್ತಿರ ತಿರುಗಿತು, ಕೂಗಲಿಲ್ಲ. ಸ್ಟೇಷನ್ ರಸ್ತೆಯಲ್ಲೂ ಇಲ್ಲ. "ನೋಡಿದ್ರಾ ಅತ್ತಮ್ಮ, ತಾನೇ ಸರಿಯೋಯ್ತು!" ಎಂದು ಸೊಸೆ ಹಿಗ್ಗಿದಳು. ನಾನು ಮುನೇಶ್ವರನಿಗೆ ಕಾಯಿ ಒಡೆದೆ. ಈಗ ನೆನೆಸಿಕೊಂಡರೆ ಆ ದೇವರು ಎಷ್ಟು ನಕ್ಕಿರಬೇಕೋ.

ಏಕೆಂದರೆ ಆ ವಾರವೇ ಸ್ಟೀರಿಂಗ್ ಕಲ್ಲಾಯಿತು. ಮನೆಯ ಮುಂದೆ ಕಾರು ತಿರುಗಿಸಲು ಸೊಸೆ ಎರಡೂ ಕೈ ಹಾಕಿ, ಸೀಟಿನಿಂದ ಎದ್ದು, ಹಲ್ಲು ಕಚ್ಚಿ ಎಳೆಯಬೇಕಾಯಿತು. ನನಗದು ತೊಡೆಯ ಮೇಲಿನ ಬಕೆಟ್ಟಿನಲ್ಲಿ ಗೊತ್ತಾಗುತ್ತಿತ್ತು. ಮೊದಲೆಲ್ಲ ತಿರುವಿನಲ್ಲಿ ಹಿಟ್ಟು ಮೆಲ್ಲಗೆ ಒಂದು ಕಡೆ ವಾಲುತ್ತಿತ್ತು. ಈಗ ಧಡಕ್ ಎಂದು ಎಗರುತ್ತಿತ್ತು. ಗಾಳಿ ಕಡಿಮೆ ಇರಬಹುದೆಂದು ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ನೋಡಿಸಿದೆವು. ಸರಿಯಾಗಿತ್ತು.

ಭಾನುವಾರ ಮಗ ಕೋಲಾರದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ಕೀಲಿ ಕೈ ಮೇಜಿನ ಮೇಲೆ ಎಸೆದ. "ಗಾಡಿ ಬೆಣ್ಣೆ ಅಂಗೈತೆ. ಇವಳ ಕೈಯಾಗೆ ಬಲ ಇಲ್ಲ, ಅಷ್ಟೆ ಕಣಮ್ಮ."

ಓಟದಲ್ಲಿದ್ದಾಗ ಸ್ಟೀರಿಂಗ್ ಎಲ್ಲರಿಗೂ ಹಗುರವೇ. ನಿಂತಲ್ಲಿ ತಿರುಗಿಸುವಾಗ ಅದರ ಗುಟ್ಟು ರಟ್ಟಾಗುವುದು. ಅದು ಆಗ ನನಗೆ ಗೊತ್ತಿರಲಿಲ್ಲ. ಸೊಸೆಗೂ ಗೊತ್ತಿರಲಿಲ್ಲ, ಆದ್ದರಿಂದ ಅವಳು ಗಂಡನ ಮಾತು ನಂಬಿದಳು. ರಾತ್ರಿ ತೋಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಬಂಗಾರಪೇಟೆ ಮಾರುಕಟ್ಟೆಯ ಇಕ್ಕಟ್ಟಿನ ತಿರುವಿನಲ್ಲಿ ಕಾರು ಅರ್ಧ ತಿರುಗಿ ಅಲ್ಲೇ ಬಿಗಿದುಕೊಂಡಿತು. ಮೂತಿ ಹೂ ಮಾರುವವಳ ಬುಟ್ಟಿಗೆ ಒಂದು ಗೇಣು ದೂರ. ಸೊಸೆ ಬ್ರೇಕ್ ಒತ್ತಿದಳು, ಯಾರಿಗೂ ಏನೂ ಆಗಲಿಲ್ಲ. ಹೂವಿನವಳು ಮಾತ್ರ ಎದ್ದು ನಿಂತು, "ಓಡ್ಸಕ್ ಬರ್ದಿದ್ರೆ ಮನೇಲಿ ಬಿದ್ದಿರಮ್ಮ!" ಎಂದು ಬೈದಳು.

ಹಿಟ್ಟು ಕೊಟ್ಟು ವಾಪಸು ಬರುವಾಗ ಸೊಸೆ ನಿಧಾನಕ್ಕೆ ಓಡಿಸಿದಳು. ಊರಿಗಾಂ ದಾಟಿದ ಮೇಲೆ ಹೇಳಿದಳು: "ಸೋಮವಾರದಿಂದ ಬರಾಕಿಲ್ಲ ಅಂತ ಅಂಗಡಿಯೋರ್ಗೆ ಏಳ್ಬಿಡ್ತೀನಿ ಅತ್ತಮ್ಮ. ನನ್ನ ಕೈಯಾಗೆ ಆಗಲ್ಲ."

ಆ ವ್ಯಾಪಾರ ಅವಳು ಒಂದೇ ಬಕೆಟ್ಟಿನಿಂದ ಶುರುಮಾಡಿ ಬೆಳೆಸಿದ್ದು. ನಾನು ಕಾಲ ಬಳಿಯಿದ್ದ ಖಾಲಿ ಬಕೆಟ್ಟುಗಳನ್ನು ನೋಡಿದೆ. ಇವು ತುಂಬಿದ್ದಾಗ, ಎರಡು ಕೈಗೆ ಎರಡು ಹಿಡಿದು, ಇವಳು ಸೊಂಟ ಬಗ್ಗಿಸದೆ ಮೆಟ್ಟಿಲು ಇಳಿಯುತ್ತಾಳೆ. ಆ ಕೈಯಲ್ಲಿ ಬಲವಿಲ್ಲವಂತೆ!

"ಇಳಿಯೇ ಕೆಳಗೆ" ಅಂದೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು, ಜನ್ಮದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದು ಎಳೆದೆ. ಅದು ಮಿಸುಕಲಿಲ್ಲ, ನನ್ನ ಬಳೆ ಒಂದು ಒಡೆಯಿತು. "ಅಂಗಡಿಯೋರ್ಗೆ ಆಮ್ಯಾಕೆ ಏಳೀವಂತೆ. ಮೊದ್ಲು ಮೆಕ್ಯಾನಿಕ್ ತಾವ ನಡಿ."

ನಮ್ಮ ಪಕ್ಕದ ಬೀದಿಯ ಮೆಕ್ಯಾನಿಕ್ ತಮಿಳು ಮಾತಾಡುವವನು, ನನ್ನನ್ನು ಪಾಟಿ, ಅಂದರೆ ಅಜ್ಜಿ, ಅನ್ನುತ್ತಾನೆ. ಇಂಜಿನ್ ನಿಲ್ಲಿಸಿ ಸ್ಟೀರಿಂಗ್ ತಿರುಗಿಸಿದ. ಇಂಜಿನ್ ಚಾಲೂ ಮಾಡಿ ತಿರುಗಿಸಿದ. ಎರಡೂ ಸಲ ಒಂದೇ ಭಾರ. "ಇಂಜಿನ್ ಓಡ್ತಿದ್ರೆ ಹಗುರ ಆಗ್ಬೇಕಿತ್ತು. ಸ್ಟೀರಿಂಗ್‌ಗೆ ಪವರ್ ಬರ್ತಾನೇ ಇಲ್ಲ" ಅಂದ. ಸ್ಟೀರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಆಯಿಲ್ ಗೆರೆಯ ತನಕ ಇತ್ತು, ಎಲ್ಲೂ ಸೋರಿರಲಿಲ್ಲ. ತಲೆ ಕೆರೆದುಕೊಂಡ. "ಸ್ಟೀರಿಂಗ್ ಹಗುರ ಮಾಡೋ ಪಂಪ್ ಹೋಗಿರ್ಬೇಕು ಪಾಟಿ. ಈ ಹಳೇ ಗಾಡಿಗೆ ಸಿಗೋದು ಕಷ್ಟ. ಹುಡುಕ್ಸಬೇಕು, ಎಷ್ಟು ದಿವ್ಸ ಆಗುತ್ತೋ."

ಸೊಸೆ ಗೋಡೆಗೆ ಒರಗಿದಳು. ಅಷ್ಟು ದಿನ ಅಂಗಡಿಯವರು ಕಾಯುವುದಿಲ್ಲ.

ಪಂಪ್ ಅನ್ನುವುದು ಹೇಗಿರುತ್ತದೋ ನೋಡೋಣವೆಂದು ನಾನು ಬಾನೆಟ್ಟಿನೊಳಗೆ ಬಗ್ಗಿದೆ. ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು. ಅದರ ಜೊತೆಗೇ ನಮ್ಮ ಯಜಮಾನರ ವಾಸನೆ.

ಮದುವೆಯಾದ ಹೊಸದರಲ್ಲಿ ನನಗೆ ಆ ವಾಸನೆ ಆಗುತ್ತಿರಲಿಲ್ಲ. ಶಿಫ್ಟ್ ಮುಗಿಸಿ ಬಂದವರ ಅಂಗಿಯನ್ನು ದೂರದಿಂದ ಕೋಲಿನಲ್ಲಿ ಎತ್ತುತ್ತಿದ್ದೆ. ಕಪ್ಪು ಗ್ರೀಸು, ಸೀಮೆಎಣ್ಣೆ ಹಾಕಿ ಉಜ್ಜಿದರೂ ಬಿಡದು. ಆಮೇಲೆ ಒಂದು ದಿನ ಗಣಿಯ ಸೈರನ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಕೆಳಗೆ ಏನೋ ಅನಾಹುತವಾಯಿತೆಂದು ನಮ್ಮ ಗಣಿ ಲೈನಿನ ಮನೆಗಳ ಹೆಂಗಸರೆಲ್ಲ ಬೀದಿಗೆ ಬಂದು ನಿಂತೆವು. ಅವತ್ತು ಸಂಜೆ ಬಾಗಿಲ ಹೊರಗೆ ಆ ವಾಸನೆ ಬಂದಾಗ ಮುಖ ನೋಡುವ ಮೊದಲೇ ಅತ್ತುಬಿಟ್ಟೆ. ಅಂದಿನಿಂದ ನಾನು ಆ ಅಂಗಿ ಕೋಲಿನಲ್ಲಿ ಎತ್ತಲಿಲ್ಲ. ಹಗ್ಗ ಇವತ್ತೂ ಗಟ್ಟಿಯಾಗಿತ್ತು, ಇಳಿದವರೆಲ್ಲ ಹತ್ತಿ ಬಂದರು ಅನ್ನುವುದೇ ಆ ವಾಸನೆಯ ಅರ್ಥ.

ಅದೇ ವಾಸನೆ ಈ ಕಾರಿನೊಳಗೆ ಯಾಕೆ?

"ಇಲ್ಲಿ ತಿರುಗೋದು ಏನಪ್ಪ?" ಎಂದೆ.

"ಬೆಲ್ಟ್ ಪಾಟಿ. ಇಂಜಿನ್ ಇದನ್ನ ತಿರುಗ್ಸುತ್ತೆ, ಇದು ಪಂಪ್ ತಿರುಗ್ಸುತ್ತೆ." ಅವನು ಇಂಜಿನ್ ನಿಲ್ಲಿಸಿ ಕೆಳಗೆ ಕೈ ತೂರಿಸಿ ಮುಟ್ಟಿದ. ಹಳೆಯ ಕಾರಿನೊಳಗೆ ಎಲ್ಲವೂ ಕಪ್ಪೇ, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಬೆರಳು ಹೊರಗೆ ಬಂದಾಗ ಜೇನಿನಲ್ಲಿ ಅದ್ದಿದ ಹಾಗೆ ಅಂಟು ಅಂಟು. "ಎನ್ನ ಪಾಟಿ, ಏನಿದು! ಬೆಲ್ಟ್‌ಗೆ ಗ್ರೀಸ್ ಯಾರು ಹಚ್ಚಿದ್ದು?"

ಸೊಸೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಫೋನ್ ಮಾಡಿ ಯಜಮಾನರನ್ನು ಕರೆಸಿದೆವು. ಅವರು ಪಂಚೆ ಎತ್ತಿಕಟ್ಟಿಕೊಂಡು ನಡೆದೇ ಬಂದರು.

"ಏನಯ್ಯಾ, ಇದ್ಕೂ ಗ್ರೀಸ್ ಅಚ್ಚಿದ್ಯಾ?" ಎಂದೆ.

"ಊಂ, ಅಚ್ಚಿದೆ. ಕೂಗ್ತಿತ್ತಲ್ಲ." ಅವರ ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. "ರಾಟೆ ಮ್ಯಾಲೆ ಓಡೋದು ಒಣಗಿದ್ರೆ ಕೂಗ್ತದೆ. ಅಂಗೇ ಬಿಟ್ರೆ ಕಿತ್ತೋಯ್ತದೆ. ಕಿತ್ತೋದ್ರೆ ಏನಾಯ್ತದೆ ಅಂತ ನಿಂಗೆ ನಾನು ಏಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಸೈರನ್ ಕೂಗಿದ ದಿನ ಬೀದಿಯಲ್ಲಿ ನಿಂತವಳು ನಾನು.

ಮೆಕ್ಯಾನಿಕ್ ಮೆಲ್ಲಗೆ ಬಿಡಿಸಿ ಹೇಳಿದ: "ತಾತಾ, ಉಕ್ಕಿನ ಹಗ್ಗಕ್ಕೆ ಗ್ರೀಸೇ ಊಟ, ಸರಿ. ಇದು ರಬ್ಬರ್. ಇದು ಗಟ್ಟಿಯಾಗಿ ಹಿಡ್ಕೊಂಡು ಓಡ್ಬೇಕು. ಸಡಿಲ ಆಗಿತ್ತು, ಬಿಗಿ ಮಾಡಿ ಅಂತ ಕೂಗ್ತಿತ್ತು. ನೀವು ಅದರ ಬಾಯಿ ಮುಚ್ಚಿಸಿದ್ರಿ. ಈಗ ಸುಮ್ನೆ ಜಾರ್ತಾ ಇದೆ, ಪಂಪ್ ತಿರುಗ್ತಾನೇ ಇಲ್ಲ."

ಯಜಮಾನರು ಬಗ್ಗಿ ಆ ಬೆಲ್ಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ಅವ್ರೆಲ್ಲ ನಗ್ತಾರೆ ಅಂತ ನೀನು ಕಣ್ಣೀರು ಆಕಿದ್ಯಲ್ಲಮ್ಮ... ಅದ್ಕೆ" ಅಂದರು.

ಸೊಸೆಗೆ ಸಿಟ್ಟು ಬರಬಹುದೆಂದು ನಾನು ಕಾದೆ. ಅವಳು ಕೇಳಿದ್ದೇ ಬೇರೆ. "ಅಂಗಾದ್ರೆ ನನ್ನ ಕೈ ಸರಿಯಾಗೇ ಐತಾ ಮಾವ?"

"ನಿನ್ನ ಕೈಯಾ? ಪವರ್ ಇಲ್ದೆ ಇಷ್ಟು ದಿವ್ಸ ಬಂಗಾರಪೇಟೆಗೆ ಓಡ್ಸಿದ್ದೀಯ ತಾಯಿ. ಗಣಿಯಾಗೆ ಇದ್ದಿದ್ರೆ ನಿನ್ನ ನಮ್ಮ ಗ್ಯಾಂಗಿಗೇ ಆಕ್ಕೊಂತಿದ್ದೆ."

ಸೊಸೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಆ ಮಾತನ್ನು ಸಂಜೆ ಮಗನ ತಟ್ಟೆಗೆ ಮುದ್ದೆಯ ಜೊತೆ ನಾನೇ ಬಡಿಸಿದೆ. ಅವನು ಸಾರಿನೊಳಗೆ ಮುಖ ಹುದುಗಿಸಿಕೊಂಡು ಉಂಡ.

ಮೆಕ್ಯಾನಿಕ್ ರಾಟೆಗಳನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಹೊಸ ಬೆಲ್ಟ್ ಹಾಕಿ ಬಿಗಿ ಮಾಡಿದ್ದ. ಗ್ರೀಸ್ ಡಬ್ಬವನ್ನು ನಾನು ಎಸೆಯಲಿಲ್ಲ. ಮಂಚದ ಕೆಳಗೇ ಇದೆ. ಕಸ ಗುಡಿಸುವಾಗ ಒಮ್ಮೊಮ್ಮೆ ಮುಚ್ಚಳ ತೆಗೆದು ಮೂಸುತ್ತೇನೆ, ಯಾರಿಗೂ ಹೇಳಬೇಡಿ. ಆ ಕೈ, ಆ ಡಬ್ಬ ಎಷ್ಟು ಮನೆಗಳ ಗಂಡಸರನ್ನು ಸಂಜೆ ಬಾಗಿಲಿಗೆ ತಂದು ಬಿಟ್ಟಿದೆಯೋ. ಒಂದು ರಬ್ಬರ್ ಬೆಲ್ಟಿನ ತಪ್ಪಿಗೆ ಅದನ್ನು ಬೈಯುವಷ್ಟು ಕೃತಘ್ನಳಲ್ಲ ನಾನು.

ಸೋಮವಾರ ಎಂದಿನಂತೆ ಹಿಟ್ಟು ಹೊರಟಿತು. ಕಾರು ನೋಡಿಕೊಳ್ಳಬೇಕೆಂಬ ನೆಪದಲ್ಲಿ ಯಜಮಾನರೂ ಮುಂದಿನ ಸೀಟಿಗೆ ಹತ್ತಿದರು. ಮಾರುಕಟ್ಟೆಯ ಅದೇ ತಿರುವು, ಅದೇ ಹೂವಿನವಳು. ಸೊಸೆ ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದಳು. ನನ್ನ ತೊಡೆಯ ಮೇಲೆ ಹಿಟ್ಟು ಮೆಲ್ಲಗೆ ವಾಲಿ, ಮೆಲ್ಲಗೆ ನೆಟ್ಟಗಾಯಿತು. ನಾನು ಮಾತ್ರ ಹಿಂದಿನಿಂದ, "ಮೆಲ್ಲಗೆ, ಅಗೋ ಬುಟ್ಟಿ, ಇಗೋ ಸೈಕಲ್ಲು, ಆರನ್ ಒಡಿ" ಎಂದು ಬಡಬಡಿಸುತ್ತಲೇ ಇದ್ದೆ. ಕೊನೆಗೆ ನನಗೇ ನಗು ಬಂದು, "ಏನಯ್ಯಾ, ಕೂಗೋದ್ಕೆಲ್ಲ ಗ್ರೀಸ್ ಅಚ್ತೀಯ, ನಂಗೂ ಒಂದಿಷ್ಟು ಅಚ್ಬಿಡು. ಈ ಉಡ್ಗಿ ನೆಮ್ಮದಿಯಾಗಿ ಗಾಡಿ ಓಡ್ಸ್ಲಿ" ಅಂದೆ.

ಸೊಸೆ ಕನ್ನಡಿಯಲ್ಲಿ ನನ್ನನ್ನು ನೋಡಿ ಅಂದಳು: "ಬ್ಯಾಡ ಅತ್ತಮ್ಮ! ನೀವು ಕೂಗೋದು ನಿಲ್ಸಿದ್ರೆ ಎಲ್ಲೋ ಏನೋ ಜಾರ್ತಾ ಐತೆ ಅಂತ ನಂಗೆ ಸ್ಟೀರಿಂಗ್ ಮುಟ್ಟಾಕೇ ಭಯ ಆಯ್ತದೆ."