ಸ್ವರಕ್ಕೆ ಮುಂಚಿನ ಉಸಿರು

ಕಳೆದ ವಾರ ಮೊಮ್ಮಗಳು ಶಾಲೆಯ ಬ್ಯಾಂಡಿನ ಟ್ರಂಪೆಟ್ಟನ್ನು ಊಟದ ಮೇಜಿನ ಮೇಲೆ ಬಿಚ್ಚಿಟ್ಟು ಅದರ ಗುಂಡಿಗಳಿಗೆ ಎಣ್ಣೆ ಬಿಡುತ್ತಿದ್ದಳು. ತೆಳ್ಳಗಿನ ಸೀಮೆಎಣ್ಣೆಯಂಥ ಆ ವಾಸನೆ ತಾಗಿದೊಡನೆ ನನ್ನ ಕೈಯ ಸೌಟು ನಿಂತಿತು. ಅಮೆರಿಕದ ಈ ಕಮ್ಮಿಂಗ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಾಹೇಬರ ಅಂಗಿತೋಳಿನಿಂದ ಸದಾ ಬರುತ್ತಿದ್ದ ವಾಸನೆ ಅದು...

ಅವರು ಮೈಸೂರಿನವರು. ತಂದೆ ಪೊಲೀಸ್ ಬ್ಯಾಂಡಿನಲ್ಲಿದ್ದವರು. ಇವರು ಕಮ್ಮಿಂಗ್‌ಗೆ ಬರುವ ಮೊದಲು, ಹರೆಯದಲ್ಲೇ ವಾಷಿಂಗ್ಟನ್ನಿಗೆ ಬಂದು ಆರ್ಕೆಸ್ಟ್ರಾಗಳಲ್ಲಿ ಟ್ಯೂಬಾ ನುಡಿಸಿದರು. ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಊದುವ, ಎಲ್ಲಕ್ಕಿಂತ ತಗ್ಗಿನ ಸ್ವರದ ಭಾರಿ ಹಿತ್ತಾಳೆ ವಾದ್ಯ. ನಮ್ಮ ಯುಗಾದಿ ಕೂಟದಲ್ಲಿ ಒಬ್ಬ ಮಹಾಶಯ ಎಲ್ಲರೂ ಕೇಳುವಂತೆ, "ಅಂಕಲ್, ನಿಮ್ದು ಬ್ಯಾಂಡ್‌ಸೆಟ್ ಅಂತೆ? ನಮ್ ಮಗಳ ಮದ್ವೆ ಮೆರವಣಿಗೆಗೆ ಬರ್ತೀರಾ?" ಎಂದ.

"ಬರ್ತೀನಪ್ಪ. ತಾಳಿ ಕಟ್ಟೋ ತನಕ ಸುಮ್ನೆ ಕೂತಿರ್ತೀನಿ, ಆಮೇಲೆ ಒಂದೇ ಒಂದ್ ಸ್ವರ ಊದ್ತೀನಿ. ಪರ್ವಾಗಿಲ್ವಾ?" ಎಂದು ಸಾಹೇಬರು ನಕ್ಕರು. ನಾನು ನಗಲಿಲ್ಲ. ಆ ಮನುಷ್ಯ ಅಂದು ತೊಟ್ಟಿದ್ದ ಜುಬ್ಬಾದ ಬಣ್ಣವೂ ನನಗೆ ನೆನಪಿದೆ.

ಸಾಹೇಬರು ಹೇಳಿದ್ದು ತಮಾಷೆಯಾದರೂ ವೃತ್ತಿಯ ಸತ್ಯ. ದೀರ್ಘವಾದ ಕೃತಿಯೊಂದರಲ್ಲಿ ಟ್ಯೂಬಾಕ್ಕೆ ಕೆಲವೇ ಸ್ವರಗಳಿರುತ್ತವೆ. ಕಾಯುತ್ತ ಕುಳಿತಾಗ ಹಿತ್ತಾಳೆ ತಣ್ಣಗಾಗುತ್ತದೆ, ತಣ್ಣಗಾದರೆ ಶ್ರುತಿ ಇಳಿಯುತ್ತದೆ. ಆದ್ದರಿಂದ ಸದ್ದಾಗದಂತೆ ಅದರೊಳಕ್ಕೆ ಬೆಚ್ಚನೆಯ ಉಸಿರು ಬಿಡುತ್ತಲೇ ಇರಬೇಕು. ವಾಷಿಂಗ್ಟನ್ನಿನ ಒಂದು ಸಂಗೀತ ಕಛೇರಿಯಲ್ಲಿ, ಖಾಯಂ ವಾದಕರಿಗೆ ಕಾಯಿಲೆಯಾಗಿ, ಇವರು ಬದಲಿಗೆ ಕುಳಿತಿದ್ದರು. ಅಂದಿನ ಧ್ವನಿಮುದ್ರಣ ಮುಂದೆ ಹೆಸರಾಯಿತು. ನಿಧಾನಗತಿಯ ಭಾಗದಲ್ಲಿ, ಎಲ್ಲ ವಾದ್ಯಗಳೂ ತಗ್ಗಿದ ಮೇಲೆ, ಟ್ಯೂಬಾದ ಸ್ವರಕ್ಕೆ ಮುಂಚೆ, ಒಬ್ಬ ಮನುಷ್ಯ ಆಳವಾಗಿ ಉಸಿರೆಳೆದುಕೊಳ್ಳುವುದು ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಗ್ರಾಮಫೋನ್ ತಟ್ಟೆಯ ಹೊದಿಕೆಯ ಮೇಲೆ ಮಾತ್ರ ಅಂದು ಬಾರದೇ ಇದ್ದ ಖಾಯಂ ವಾದಕರ ಹೆಸರು. ಹೊರಗೆ ಬೇರೆಯವರ ಹೆಸರು, ಒಳಗೆ ಇವರ ಉಸಿರು. ಅದನ್ನು ಯಾರೂ ತಿದ್ದಲಿಲ್ಲ.

ಕೊರೋನಾ ಅವರ ಶ್ವಾಸಕೋಶವನ್ನು ಹಾಳುಗೆಡವಿತು. ಟ್ಯೂಬಾ ಮೂಲೆ ಸೇರಿತು; ಆದರೂ ಅದಕ್ಕೆ ಎಣ್ಣೆ ಬಿಡುವುದನ್ನು ಅವರು ನಿಲ್ಲಿಸಲಿಲ್ಲ. ನಾನು ಅರಿವಳಿಕೆ ತಜ್ಞೆಯಾಗಿದ್ದವಳು, ಇತರರ ಉಸಿರನ್ನು ಕಾಯುವುದೇ ನನ್ನ ಉದ್ಯೋಗವಾಗಿತ್ತು. ಬೇಲಿಯ ಆಚೆ ಅವರ ಮಾತು ದಿನೇದಿನೇ ತುಂಡಾಗುತ್ತಿರುವುದನ್ನು ಕೇಳಿ, ಎರಡು ಉಸಿರಿನ ನಡುವೆ ಎಷ್ಟು ಪದ ಬರುತ್ತವೆಂದು ಎಣಿಸುತ್ತಿದ್ದೆ. ಅವರ ಆತಂಕವೇ ಬೇರೆ. ಆ ಮುದ್ರಣವನ್ನು ಕಂಪ್ಯೂಟರಿನಿಂದ ಶುದ್ಧಗೊಳಿಸಿ, ಸ್ವರವಲ್ಲದ ಸದ್ದನ್ನೆಲ್ಲ ಅಳಿಸಿ, ಮತ್ತೆ ಹೊರತರುವ ಸುದ್ದಿ ಬಂದಿತ್ತು.

"ಸಾಹೇಬ್ರ, ಆ ಕಂಪನಿಯವರಿಗೆ ಬರೆದ್ರೇನು?" ಎಂದು ಕೇಳಿದೆ.

"ಬರ್ದೆ, ಡಾಕ್ಟ್ರಮ್ಮ. ಆ ಉಸಿರು ಆಡಿಯನ್ಸ್ ನಾಯ್ಸ್ ಅಂತೆ, ಯಾರೋ ಕೆಮ್ಮಿದ್ದಂತೆ. ನಾನೇನ್ ಟಿಕೆಟ್ ತಗೊಂಡ್ ಹೋಗಿದ್ನಾ?"

ನಾನೂ ಬರೆದೆ. ಕೆಮ್ಮು ಹೊರಹೋಗುವ ಉಸಿರು, ಇದು ಒಳಬರುವ ಉಸಿರು, ಇವೆರಡರ ವ್ಯತ್ಯಾಸ ನನಗೆ ತಿಳಿದಿದೆ ಎಂದು ವಿವರಿಸಿದೆ. ಆಸಕ್ತಿಗೆ ಧನ್ಯವಾದ ಎಂಬ ಉತ್ತರ ಬಂತು, ಕೆಳಗೆ ಯಾರ ಹೆಸರೂ ಇಲ್ಲದೆ. ಪ್ರತಿದಿನ ಬೆಳಿಗ್ಗೆ ಸಾಹೇಬರು ಬೇಲಿಯ ಬಳಿ, "ಏನಾದ್ರೂ ಬಂತಾ?" ಎನ್ನುವರು. ಬಂದರೆ ಏನು ಬಂದೀತೋ ಎಂಬ ಭಯ ನನಗೆ.

ಹೊಸ ಮುದ್ರಣ ಬಿಡುಗಡೆಯಾದಾಗ ಸಾಹೇಬರು ಆಸ್ಪತ್ರೆಯಲ್ಲಿದ್ದರು, ಮೂಗಿಗೆ ಆಮ್ಲಜನಕದ ನಳಿಕೆ. ಅವರ ಮಗಳು ತಂದೆಯ ಕಿವಿಗೆ ಇಯರ್‌ಫೋನಿನ ಒಂದು ತುದಿ ಸಿಕ್ಕಿಸಿದಳು, ಇನ್ನೊಂದು ನನ್ನ ಕಿವಿಗೆ. ಆ ಜಾಗ ಸಮೀಪಿಸಿದಂತೆ ನಾನು ಅವರ ಮುಖವನ್ನೇ ನೋಡಿದೆ. ಪಿಟೀಲುಗಳು ತಗ್ಗಿದವು. ಮೌನ, ಒರೆಸಿಟ್ಟ ಮೌನ. ಆ ಮೌನದೊಳಕ್ಕೆ ಸಾಹೇಬರು, ಹಾಸಿಗೆಯಿಂದ ಎದೆ ಎದ್ದುಬರುವಂತೆ, ತಾವೇ ಉಸಿರೆಳೆದುಕೊಂಡರು... ಪಕ್ಕದ ಯಂತ್ರ ಕೂಗಿಕೊಂಡಿತು. ಕಿವಿಯಲ್ಲಿ ಸ್ವರ ಮೊಳಗಿತು.

ಅವರು ಇಯರ್‌ಫೋನನ್ನು ಕಿವಿಯಿಂದ ತೆಗೆದು, "ಒಗ್ದು ಇಸ್ತ್ರಿ ಮಾಡ್ಬಿಟ್ಟವ್ರೆ, ಡಾಕ್ಟ್ರಮ್ಮ. ಸ್ವರ ಐತೆ. ಊದ್ದೋನು ಇಲ್ಲ," ಎಂದರು.

ಆ ತಿಂಗಳು ಮುಗಿಯುವ ಮೊದಲೇ ಅವರು ತೀರಿಕೊಂಡರು. ಹೊಸ ಮುದ್ರಣದಲ್ಲೂ ಆ ಖಾಯಂ ವಾದಕರ ಹೆಸರೇ ಇದೆ, ಈಗ ಇನ್ನೂ ದಪ್ಪ ಅಕ್ಷರಗಳಲ್ಲಿ. ನಾನಿದನ್ನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ.

ಈ ಭಾನುವಾರ ಅವರ ಮಗಳು ಬಂದಿದ್ದಳು. "ಆಂಟಿ, ನಿಮ್ ಫೋನಲ್ಲಿ ನಮ್ ಅಬ್ಬಾದು ವಾಯ್ಸ್‌ಮೇಲ್ ಏನಾದ್ರೂ ಸೇವ್ ಆಗಿದ್ಯಾ? ನಂದೆಲ್ಲ ಡಿಲೀಟ್ ಆಗ್ಹೋಯ್ತು." ಬೇಲಿಯ ಆಚೆಯಿಂದಲೇ ಕೂಗುತ್ತಿದ್ದವರು ನನಗೇಕೆ ಫೋನು ಮಾಡಿಯಾರು? ನನ್ನ ಬಳಿ ಇದ್ದದ್ದು ಆ ಹಳೆಯ ತಟ್ಟೆ ಮಾತ್ರ. ಹಾಕಿದೆ. ಅವಳು ತಲೆ ಬಗ್ಗಿಸಿ ಆಲಿಸಿದಳು.

"ದಟ್ಸ್ ಹಿಮ್? ಅಷ್ಟೇನಾ?"

"ಅಷ್ಟೇ ಅದ ನೋಡವ್ವಾ."

"ಇನ್ನೊಂದ್ ಸಲ ಹಾಕಿ, ಆಂಟಿ."

ಹಾಕಿದೆ. ಮತ್ತೆ ಕೇಳಿದಳು, ಮತ್ತೆ ಹಾಕಿದೆ. ಮುಳ್ಳು ಹಾದುಹೋದ ಪ್ರತಿ ಸಲವೂ ಆ ಗೆರೆ ಅಷ್ಟಷ್ಟು ಸವೆಯುತ್ತದೆ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ...