ನೀಲಿ ಡ್ರಮ್ಮಿನ ಸಮುದ್ರ

ಮೀನಿಲ್ಲದ ಮೀನಿನ ತೊಟ್ಟಿಯ ಮುಂದೆ ಕುಳಿತು ನೀವು ಎಷ್ಟು ಹೊತ್ತು ನಗದೆ ಇರಬಲ್ಲಿರಿ? ನಮ್ಮ ಮನೆಗೆ ಬಂದವರಲ್ಲಿ ಹೆಚ್ಚಿನವರು ಒಂದು ಲೋಟ ಕಾಫಿ ಮುಗಿಯುವ ತನಕವೂ ತಡೆದುಕೊಳ್ಳಲಿಲ್ಲ. ಸಾಗರದ ನಮ್ಮ ಹಜಾರದಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಬಿಳಿ ಮರಳು, ತೂತು ತೂತಾದ ನಾಲ್ಕು ಬಂಡೆ, ಮೇಲೊಂದು ನೀಲಿ ದೀಪ. ಆರು ವಾರಗಳ ಕಾಲ ಅದರೊಳಗೆ ಕಣ್ಣಿಗೆ ಕಾಣುವ ಜೀವ ಒಂದೂ ಇರಲಿಲ್ಲ.

ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ತೀರ್ಥಹಳ್ಳಿಯಲ್ಲಿ ಪದವಿ ಓದುವಾಗ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆಯೇ ಬೆಳೆದವಳು. ಹೀಗಾಗಿ ಯಾವ ಕೆಲಸಕ್ಕೆ ಕೈ ಹಾಕಿದರೂ ಮೊದಲು ಅದಕ್ಕೊಂದು ವಿಷಯವಾಕ್ಯ ಬೇಕು. ಈ ತೊಟ್ಟಿಯದು ಹೀಗಿತ್ತು: ‘ಸಮುದ್ರದಿಂದ ಏನನ್ನೂ ಕದಿಯದೆ, ಹವಳದ ದಿಬ್ಬದ ಬದುಕನ್ನು ಘಟ್ಟದ ಮೇಲಿನ ಮಕ್ಕಳಿಗೆ ತೋರಿಸಬಹುದು.’ ಜೀವಂತ ಹವಳವನ್ನು ತರುವ ಮಾತೇ ಇರಲಿಲ್ಲ. ನಮ್ಮ ಕಾನೂನು ಹುಲಿಯನ್ನು ಕಾಯುವಷ್ಟೇ ಕಟ್ಟುನಿಟ್ಟಾಗಿ ಹವಳವನ್ನೂ ಕಾಯುತ್ತದೆ. ಆದ್ದರಿಂದ ಬಂಡೆಗಳು ಮನುಷ್ಯರು ಮಾಡಿದವು. ಮೀನು ಮತ್ತು ಸಮುದ್ರದ ಬಸವನಹುಳುಗಳನ್ನು, ತಮ್ಮ ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸುವ ಮಂಗಳೂರಿನ ಹವ್ಯಾಸಿಯೊಬ್ಬರು ಕೊಡಲು ಒಪ್ಪಿದ್ದರು.

ಮನೆಯಲ್ಲಿ ವಿರೋಧಪಕ್ಷದ ನಾಯಕಿ ನನ್ನ ಅತ್ತೆ. ಮೊದಲ ದಿನವೇ ಅವರು ತಮ್ಮ ಷರತ್ತನ್ನು ಮಂಡಿಸಿದರು.

“ನೋಡು ಮಾರಾಯ್ತಿ, ನಿನ್ನ ಹುಚ್ಚಿಗೆ ಒಂದು ಜೀವ ಹೋದ್ರೂ ಈ ಪೆಟ್ಟಿಗೆ ಮನೇಲಿ ಇರೂಕಾಗದು.”

“ಅತ್ತೆ, ನೀವು ವಾರಕ್ಕೆರಡು ಸಲ ಬಂಗಡೆ ಸಾರು ಮಾಡ್ತೀರಲ್ಲ?”

“ತಿನ್ನೂಕೆ ಕೊಂದ್ರೆ ಊಟ. ನೋಡೂಕೆ ಕೊಂದ್ರೆ ಪಾಪ.”

ಇಷ್ಟು ಚಿಕ್ಕ ವಾದಕ್ಕೆ ಇಷ್ಟು ದೊಡ್ಡ ಸೋಲನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಷರತ್ತಿಗೆ ಒಪ್ಪಿದೆ. ಒಂದು ಜೀವ ಹೋದರೆ ತೊಟ್ಟಿಯೂ ಹೋಗಬೇಕು.

ಸಲಹೆಗಳಿಗಂತೂ ಕೊರತೆಯಿರಲಿಲ್ಲ. ಉಪ್ಪಿನ ಪೊಟ್ಟಣ ಬಿಚ್ಚಿ ಶುದ್ಧ ನೀರಿಗೆ ಸುರಿದು ತೊಟ್ಟಿಯಲ್ಲೇ ಕಲಕುತ್ತಿದ್ದಾಗ, ವಿದ್ಯುತ್ ಸಾಮಾನಿನ ಅಂಗಡಿ ನಡೆಸುವ ನನ್ನ ಗಂಡ ಬಾಗಿಲಲ್ಲಿ ನಿಂತು ಹೇಳಿದರು: “ಹೊನ್ನಾವರದಿಂದ ಮೀನಿನ ಗಾಡಿ ಬರ್ತದಲ್ಲೇ, ಎರಡು ಕೊಡ ಸಮುದ್ರದ ನೀರು ಹಾಕ್ಕಂಡು ಬಾ ಅಂದಿದ್ರೆ ಮುಗೀತಿತ್ತು.” ಮೀನಿನ ಗಾಡಿಯ ನೀರಿನಲ್ಲಿ ಏನೇನಿರಬಹುದೆಂದು ನಾನು ವಿವರಿಸತೊಡಗಿದೆ. ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ಅವರು ಅಂಗಡಿಯ ಬೀಗ ತೆಗೆಯುತ್ತಿದ್ದರು.

ಬರೀ ಉಪ್ಪುನೀರು ಸಮುದ್ರವಾಗುವುದಿಲ್ಲ. ಜೀವಿಗಳ ಕಲ್ಮಶವನ್ನು ಅರಗಿಸುವ ಸೂಕ್ಷ್ಮಾಣುಗಳು ಮೊದಲು ಬಂಡೆಯ ತೂತುಗಳಲ್ಲಿ ನೆಲೆಯೂರಬೇಕು. ಅವುಗಳಿಗೆ ಆಹಾರ ಬೇಕು. ಸಂತೆಯಿಂದ ಒಂದು ಸಿಗಡಿ ತಂದು ತೊಟ್ಟಿಯೊಳಗೆ ಕೊಳೆಯಲು ಬಿಟ್ಟೆ. ಅತ್ತೆ ಹಣೆ ಚಚ್ಚಿಕೊಂಡು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳಿದರು: “ಸಿಗಡಿನ ಬಾಣಲೆಗೆ ಹಾಕೂದು ಬಿಟ್ಟು ಗಾಜಿನ ಪೆಟ್ಟಿಗೆಗೆ ಹಾಕ್ತಾಳೆ! ಇವಳು ಮಕ್ಕಳಿಗೆ ಪಾಠ ಹೇಳೂದು ಹೆಂಗೋ!”

ಆರು ವಾರ ನಾನು ದಿನವೂ ಸಣ್ಣ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರಿಗೆ ಪರೀಕ್ಷೆಯ ದ್ರಾವಣ ಬೆರೆಸಿ ಬಣ್ಣ ನೋಡಿದೆ. ಹಳದಿ, ಹಸಿರು, ಮತ್ತೆ ಹಳದಿ. ಕೊನೆಗೊಂದು ದಿನ ನೀರು ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತು. ಮರುದಿನವೇ ಮಂಗಳೂರಿನಿಂದ ಹನ್ನೆರಡು ಬಸವನಹುಳುಗಳು ಬಸ್ಸಿನಲ್ಲಿ ಬಂದವು. ಬಂದ ನೀರಿನಿಂದ ನಮ್ಮ ನೀರಿಗೆ ಅವು ಒಮ್ಮೆಲೇ ಧುಮುಕಬಾರದು; ಆದ್ದರಿಂದ ಸಪೂರ ಕೊಳವೆಗೊಂದು ಗಂಟು ಹಾಕಿ, ತೊಟ್ಟಿಯ ನೀರನ್ನು ಅವುಗಳ ಪಾತ್ರೆಗೆ ಹನಿ ಹನಿಯಾಗಿ ಎರಡು ಗಂಟೆ ಇಳಿಸಿದೆ.

“ಗ್ಲೂಕೋಸ್ ಏರ್ಸ್ತಿದೀಯನೇ?” ಎಂದರು ಅತ್ತೆ. ಆದರೆ ಆ ಎರಡು ಗಂಟೆಯೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ.

ಹುಳುಗಳು ಗಾಜನ್ನು ಹತ್ತಿದವು, ಬಂಡೆಯ ಮೇಲಿನ ಕಂದು ಪಾಚಿಯನ್ನು ಮೇಯ್ದವು, ಹಿಂದೆ ಹಾದಿ ಬಿಟ್ಟವು. ಎಂಟು ದಿನ ಎಲ್ಲವೂ ಸುಗಮ. ಇನ್ನು ಸ್ವಲ್ಪ ಹಳೆ ನೀರು ತೆಗೆದು ಹೊಸ ನೀರು ತುಂಬಬೇಕಿತ್ತು; ಅದರ ನಂತರ ಒಂದು ಜೋಡಿ ಕ್ಲೌನ್ ಮೀನುಗಳು ಬರುವುದಿತ್ತು. ಕಿತ್ತಳೆ ಮೈ, ಬಿಳಿ ಪಟ್ಟೆ. ಶಾಲೆಯ ಮಕ್ಕಳಿಗೆ ತೋರಿಸುವ ಮಾತು ಕೊಟ್ಟಾಗಿತ್ತು.

ಹೊಸ ನೀರು ಕಲಸಲು ಒಂದು ದೊಡ್ಡ ಪಾತ್ರೆ ಬೇಕು. ಪೇಟೆಯಲ್ಲಿ ಹೊಸ ಪ್ಲಾಸ್ಟಿಕ್ ಡ್ರಮ್ಮು ಸಿಗುತ್ತಿತ್ತು. ಆದರೆ ಇರುವುದನ್ನು ಬಳಸದೆ ಹೊಸ ಪ್ಲಾಸ್ಟಿಕ್ ಕೊಳ್ಳಬಾರದೆಂದು ತರಗತಿಯಲ್ಲಿ ಭಾಷಣ ಮಾಡುವವಳು ನಾನೇ. ಭಾನುವಾರ ಬಸ್ಸು ಹತ್ತಿ ರಿಪ್ಪನ್‌ಪೇಟೆಯ ಹತ್ತಿರದ ತವರಿಗೆ ಹೋದೆ. ಅಣ್ಣ ಮದುವೆಗೆ ಹೋಗಿದ್ದ. “ಕೊಟ್ಟಿಗೆ ಹಿಂದೆ ಮೂರು ಡ್ರಮ್ಮು ಇದ್ದಾವೆ, ಬೇಕಾದ್ದು ತಗಂಡು ಹೋಗೇ,” ಎಂದರು ಅತ್ತಿಗೆ, ರೊಟ್ಟಿ ತಟ್ಟುತ್ತಲೇ. ಮೂರರಲ್ಲಿ ಹೆಚ್ಚು ಚೊಕ್ಕಟವಾಗಿ ಕಂಡದ್ದನ್ನು ಆರಿಸಿದೆ. ಬಸ್ಸಿನ ಮೇಲೆ ಹಾಕಿಸಿ ತಂದು, ಐದು ಸಲ ತೊಳೆದು, ಬಿಸಿಲಿಗಿಟ್ಟು, ಉಪ್ಪುನೀರು ಕಲಸಿ, ತೊಟ್ಟಿಗೆ ತುಂಬಿದೆ. ಕೆಲಸ ಮುಗಿದಾಗ ನನ್ನ ತತ್ತ್ವನಿಷ್ಠೆಯ ಬಗ್ಗೆ ನನಗೇ ಗೌರವ ಮೂಡಿತ್ತು.

ಮರುದಿನ ಬೆಳಿಗ್ಗೆ ನಾಲ್ಕು ಹುಳುಗಳು ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಉಳಿದವು ಗಾಜಿನ ಹಿಡಿತ ಬಿಟ್ಟು ಒಂದೊಂದಾಗಿ ಜಾರುತ್ತಿದ್ದವು.

ನಾನು ಮೊದಲು ಗಂಡನ ಮೇಲೆ ಹರಿಹಾಯ್ದೆ. ರಾತ್ರಿ ಕರೆಂಟು ಹೋಗಿರಬೇಕು, ಅವರು ಜೋಡಿಸಿದ ಇನ್ವರ್ಟರು ಕೈಕೊಟ್ಟಿರಬೇಕು, ಪಂಪು ನಿಂತು ನೀರಿನಲ್ಲಿ ಉಸಿರು ಕಡಿಮೆಯಾಗಿರಬೇಕು.

ಅವರು ಕೊನೆಯವರೆಗೂ ಕೇಳಿಸಿಕೊಂಡರು. “ವಾದ ಚೆನ್ನಾಗಿದೆ. ಆದ್ರೆ ರಾತ್ರಿಯಿಡೀ ಕರೆಂಟಿತ್ತು. ಪಂಪು ಈಗ್ಲೂ ಓಡ್ತಾ ಇದೆ ನೋಡು.”

ನೀರಿನ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿದೆ, ಎಲ್ಲವೂ ಸರಿಯಿತ್ತು. ಹಾಗಾದರೆ ನಿನ್ನೆಗೂ ಇಂದಿಗೂ ಬದಲಾದದ್ದು ಒಂದೇ. ಅಣ್ಣನಿಗೆ ಫೋನು ಮಾಡಿದೆ.

“ಯಾವ ಡ್ರಮ್ಮು ತಗಂಡ್ಯೇ?”

“ನೀಲಿದು.”

“ಮೂರೂ ನೀಲಿನೇ ಮಾರಾಯ್ತಿ! ಬಾಯಿ ಹತ್ರ ಹಗ್ಗ ಕಟ್ಟಿತ್ತಾ?”

“ಹೌದು.”

“ಅಯ್ಯೋ! ಅದು ಅಡಿಕೆ ಔಷಧಿ ಡ್ರಮ್ಮು! ಮೈಲುತುತ್ತ ಕಲಸೂದು ಅದ್ರಲ್ಲೇ.”

ಮೈಲುತುತ್ತವೆಂದರೆ ತಾಮ್ರದ ನೀಲಿ ಹರಳು. ಮಳೆಗಾಲದ ಕೊಳೆರೋಗಕ್ಕೆ ಅದನ್ನು ಸುಣ್ಣದೊಂದಿಗೆ ಕಲಸಿ ಅಡಿಕೆಗೊನೆಗಳಿಗೆ ಸಿಂಪಡಿಸುತ್ತಾರೆ. ನಾನು ಹುಟ್ಟಿದಂದಿನಿಂದ ನೋಡಿದ್ದೇನೆ. ಸಮುದ್ರದ ತೊಟ್ಟಿಯ ಬಗ್ಗೆ ಓದಿದ ಪ್ರತಿ ಪುಟದಲ್ಲೂ ‘ತಾಮ್ರದ ಸೋಂಕು ತಗಲದಿರಲಿ, ಬಸವನಹುಳುಗಳಿಗೆ ಅದು ವಿಷ’ ಎಂದಿತ್ತು. ಅದಕ್ಕಾಗಿ ಮನೆಯ ತಾಮ್ರದ ಹಂಡೆಯನ್ನು ತೊಟ್ಟಿಯ ಹತ್ತಿರವೂ ಸುಳಿಯಗೊಟ್ಟಿರಲಿಲ್ಲ. ಬೇರೆ ಯಾವ ಬಣ್ಣದ ಡ್ರಮ್ಮಿನಲ್ಲಾದರೂ ತಳದ ಕಲೆ ಎದ್ದು ಕಾಣುತ್ತಿತ್ತು. ನೀಲಿ ಡ್ರಮ್ಮಿನ ನೀಲಿ ಕಲೆಯನ್ನು ನಾನು ಐದು ಸಲ ತೊಳೆದೂ ನೋಡಲಿಲ್ಲ.

ಪಶ್ಚಾತ್ತಾಪಕ್ಕೆ ಆಗ ಬಿಡುವಿರಲಿಲ್ಲ. ಮಂಗಳೂರಿಗೆ ಫೋನು ಮಾಡಿ ಮೀನು ಕಳಿಸಬೇಡಿರೆಂದೆ. ಉಳಿದ ಎಂಟು ಹುಳುಗಳಿಗೆ ಹೊಸ ಉಪ್ಪುನೀರು ಬೇಕು. ಅದನ್ನು ಕಲಸಲು ನಂಬಬಹುದಾದ ಪಾತ್ರೆ ಬೇಕು. ಅಡುಗೆಮನೆಯಲ್ಲಿ ತಡಕಾಡುತ್ತಿದ್ದಾಗ ಅತ್ತೆ ಬಂದರು. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

“ಅತ್ತೆ, ನಾಲ್ಕು ಜೀವ ಹೋಯ್ತು. ತಪ್ಪು ನಂದೇ. ಔಷಧಿ ಡ್ರಮ್ಮಲ್ಲಿ ನೀರು ಕಲಸಿದೆ.”

ಅವರು ಅಟ್ಟದ ಮೂಲೆಯಿಂದ ಮಿಡಿ ಉಪ್ಪಿನಕಾಯಿ ಹಾಕುವ ಪಿಂಗಾಣಿ ಭರಣಿಯನ್ನು ಇಳಿಸಿದರು. ಆ ವರ್ಷ ಮಾವಿನಮಿಡಿ ಸಿಕ್ಕದೆ ಅದು ಖಾಲಿಯಿತ್ತು. “ಉಪ್ಪುನೀರು ಇಡೂಕೆ ಇದಕ್ಕಿಂತ ಒಳ್ಳೇದು ಯಾವ್ದುಂಟು? ಮೊದ್ಲೇ ಕೇಳೂಕೆ ಬಾಯಿರ್ಲಿಲ್ವಾ?”

ಸಂಜೆಯ ಹೊತ್ತಿಗೆ ಎಂಟೂ ಹುಳುಗಳು ಭರಣಿಯೊಳಗಿದ್ದವು, ಅವುಗಳಲ್ಲಿ ಏಳು ಅದರ ಗೋಡೆಯನ್ನು ಹತ್ತುತ್ತಿದ್ದವು. ಎಂಟನೆಯದು ಇನ್ನೂ ಯೋಚಿಸುತ್ತಿತ್ತು. ಆಗ ಅತ್ತೆ ಷರತ್ತಿನ ಮಾತೆತ್ತಿದರು.

“ಪೆಟ್ಟಿಗೆ ತೆಗೀಬೇಕು ಅಂತ ಮಾತಾಗಿತ್ತಲ್ದಾ?”

“ಹೌದು. ನಾಳೆನೇ ತೆಗೀತೀನಿ.”

“ತೆಗೆದ್ರೆ ಇವು ಎಲ್ಲಿಗೆ ಹೋಗ್ತಾವೆ? ಹಳ್ಳಕ್ಕೆ ಬಿಡೂಕೆ ಬರ್ತದಾ?”

“ಇಲ್ಲ, ಸಿಹಿನೀರಲ್ಲಿ ಸಾಯ್ತಾವೆ.”

ಅತ್ತೆ ಭರಣಿಯೊಳಗೆ ಇಣುಕಿದರು. ಎಂಟನೆಯದು ಸಣ್ಣಗೆ ಕದಲಿತು. “ಹಂಗಾರೆ ಪೆಟ್ಟಿಗೆ ಇರ್ಲಿ. ನಿಂಗೆ ಬೇರೆ ಶಿಕ್ಷೆ. ಇದನ್ನ ನೋಡೂಕೆ ಬಂದವರಿಗೆಲ್ಲ ಮೊದ್ಲು ಸತ್ತ ನಾಲ್ಕರ ಕಥೆ ಹೇಳ್ಬೇಕು. ಆಮೇಲೆ ಬೇಕಾದ್ರೆ ಮೀನು ತೋರ್ಸು.”

ತೊಟ್ಟಿಯ ನೀರು, ಮರಳು, ಬಂಡೆ ಎಲ್ಲವನ್ನೂ ಬದಲಿಸಿ ಮೊದಲಿನಿಂದ ಶುರುಮಾಡಿದೆ. ಅದು ಸಿದ್ಧವಾಗುವ ತನಕ ಹುಳುಗಳಿಗೆ ಭರಣಿಯೇ ಮನೆ; ದಿನ ಬಿಟ್ಟು ದಿನ ಅದರ ನೀರು ಬದಲಿಸಿದೆ. ಇನ್ನೊಂದು ಸಿಗಡಿ ಕೊಳೆಯಿತು. ಈ ಸಲ ಅದನ್ನು ತಂದವರು ಅತ್ತೆಯೇ. ಕ್ಲೌನ್ ಮೀನುಗಳು ಈಗ ಬಂದಿವೆ, ಎಂಟು ಹುಳುಗಳೂ ಇವೆ. ಶಾಲೆಯ ಮಕ್ಕಳು ತಂಡ ತಂಡವಾಗಿ ಬರುತ್ತಾರೆ. ಶಿಕ್ಷೆಯನ್ನು ನಾನು ತಪ್ಪದೆ ಅನುಭವಿಸುತ್ತೇನೆ. ಒಂದು ಸಲ ಮರೆತಂತೆ ನಟಿಸಿದಾಗ ಒಳಗಿನಿಂದ ಕೆಮ್ಮು ಕೇಳಿಸಿತು.

ಹಾಗೆ ಹೇಳುತ್ತಿದ್ದ ಒಂದು ದಿನ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ನಮ್ಮನೆ ಡ್ರಮ್ಮು ಹಳ್ಳದಲ್ಲೇ ತೊಳೆಯೂದು. ಅಲ್ಲಿನ ಹುಳ?” ಹಳ್ಳದ ಬಸವನಹುಳುವನ್ನು ಬೆಳಗೆದ್ದು ಎಣಿಸುವವರು ಯಾರೂ ಇಲ್ಲ. ಅದೇ ವಾರ ಅಣ್ಣನಿಗೆ ಹೇಳಿದೆ. ಅವನು ಗೊಣಗುತ್ತಲೇ ಡ್ರಮ್ಮಿನ ಮೇಲೆ ಬಿಳಿ ಪೇಂಟಿನಲ್ಲಿ ‘ಔಷಧಿ’ ಎಂದು ಬರೆದ. ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲದೆ ಮುಂದಿನ ಔಷಧಿ ಕಲಸಲು ಬಳಸುತ್ತಿದ್ದಾನೆ.

ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಔಷಧಿ ಕಲಸುವ ಡ್ರಮ್ಮಿದ್ದರೆ ಅದರ ಮೇಲೆ ಇಂದೇ ದೊಡ್ಡ ಅಕ್ಷರದಲ್ಲಿ ಹಾಗೆಂದು ಬರೆಯಿರಿ. ಅದನ್ನು ಬೇರೆ ಯಾವ ಕೆಲಸಕ್ಕೂ ಕೊಡಬೇಡಿ. ದಯವಿಟ್ಟು ಹಳ್ಳದಲ್ಲಿ ತೊಳೆಯಬೇಡಿ.