ತಾತನ ಕ್ಲಾರಿಯೋನೆಟ್ಟಿನ ಕುತ್ತಿಗೆ

ಮಧುಗಿರಿಯ ಪುಕ್ಕಟೆ ದಂತ ಶಿಬಿರದಲ್ಲಿ ತಾತನಿಗೆ ಮೇಲಿನ ಹಲ್ಲಿನ ಸೆಟ್ಟು ಕೊಟ್ಟರು. ಯಾವ ಕುದುರೆಯ ಅಳತೆ ತೆಗೆದುಕೊಂಡು ಮಾಡಿದ್ದರೋ ಗೊತ್ತಿಲ್ಲ. ಹಾಕಿಕೊಂಡ ತಕ್ಷಣ ತಾತ ಚುನಾವಣೆಗೆ ನಿಂತವನ ಹಾಗೆ ಎಲ್ಲರಿಗೂ ಹಲ್ಲು ಕಿರಿಯತೊಡಗಿದ. ಖುಷಿಗಲ್ಲ, ಬಾಯಿ ಮುಚ್ಚುತ್ತಿರಲಿಲ್ಲ. ಶಿರಾಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಅರ್ಧ ಜನ ತಿರುಗಿ ನಕ್ಕರು. ಎದುರಿಗೆ ಕೂತಿದ್ದ ಒಬ್ಬಾಕೆ ಸೀಟು ಬದಲಾಯಿಸಿದಳು.

ಮನೆಗೆ ಬಂದವನೇ ತಾತ ಮಂಚದ ಕೆಳಗಿನಿಂದ ಉದ್ದನೆಯ ಪೆಟ್ಟಿಗೆ ಎಳೆದ.

"ಲೇ, ಮ್ಯಾಲಿನ ಹಲ್ಲು ಬಂತಲ್ಲ. ಇನ್ನು ಊದ್ಬೋದು ಕಣ್ಲಾ."

ತಾತ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದವನು. ಅದನ್ನು ಊದಲು ಮೇಲಿನ ಹಲ್ಲು ಬೇಕು, ವಾದ್ಯದ ಬಾಯಿ ಅದಕ್ಕೇ ಆನಿಕೊಂಡು ನಿಲ್ಲುತ್ತದೆ. ಹಲ್ಲು ಉದುರಿತು, ಊದುವುದು ನಿಂತಿತು. ಆದರೆ ಪೆಟ್ಟಿಗೆ ತೆಗೆದರೆ ಒಳಗೆ ಕೀಲಿಗಳಿರುವ ನಡುವಿನ ಎರಡು ತುಂಡು ಮಾತ್ರ ಇದ್ದವು. ತಲೆಯೂ ಇಲ್ಲ, ಕಾಲೂ ಇಲ್ಲ.

ಬ್ಯಾಂಡ್‌ನವರಲ್ಲಿ ಹೀಗೊಂದು ರೂಢಿ. ಊದುವುದು ಬಿಟ್ಟವನ ವಾದ್ಯವನ್ನು ಮಾರುವುದಿಲ್ಲ. ಯಾರ ವಾದ್ಯದಲ್ಲಿ ಏನು ಕೆಟ್ಟಿದೆಯೋ ಅವರು ಬಂದು ಆ ಭಾಗ ಕೇಳಿ ಒಯ್ಯುತ್ತಾರೆ. "ಮದ್ವೆ ಸೀಸನ್ ಮುಗೀಲಿ, ತಂದ್ಕೊಡ್ತೀನಣ್ಣ" ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಆ ಸೀಸನ್ ಇನ್ನೂ ಮುಗಿದಿಲ್ಲ. ಒಯ್ಯುವಾಗ ಬಾಳೆಹಣ್ಣು ಹಿಡಿದು ಬಂದವರು ಆಮೇಲೆ ಸಿಪ್ಪೆ ಹಿಡಿದೂ ಬರಲಿಲ್ಲ. ತಾತ ಚಿಕುನ್‌ಗುನ್ಯಾ ಬಂದು ಮಲಗಿದ್ದಾಗ ಪಕ್ಕದ ಬೀದಿಯಲ್ಲೇ ಮದುವೆಗೆ ಊದಿ, ಊಟ ಮಾಡಿ ಹೋದರು. ತಾತ ಬಾಗಿಲ ಕಡೆ ಮುಖ ಮಾಡಿಕೊಂಡೇ ಮಲಗಿದ್ದ.

"ನಾನು ಎಲ್ಲಾ ತರ್ತೀನಿ ಬುಡು ತಾತ" ಅಂದೆ. ಆಗಿನ್ನೂ ಹಾಡುವುದು ಬಿಟ್ಟು ಬೇರೆ ಎಲ್ಲ ವಿದ್ಯೆಯೂ ನನಗೆ ಗೊತ್ತು ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೇ ನಂಬಿದ್ದೇನೆ.

ವಾದ್ಯದ ಕಾಲು, ಅಂದರೆ ತುದಿಯ ಅಗಲ ಬಾಯಿಯ ಗಂಟೆ, ಅಡುಗೆಮನೆಯಲ್ಲೇ ಸಿಕ್ಕಿತು. ಅವ್ವ ಅದನ್ನು ಬೋರಲು ಹಾಕಿ ಕ್ಯಾನಿಗೆ ಕಡಲೆಕಾಯಿ ಎಣ್ಣೆ ಬಗ್ಗಿಸುವ ಲಾಳಿಕೆ ಮಾಡಿಕೊಂಡಿದ್ದಳು.

"ಇದ ತಗಂಡೋದ್ರೆ ಎಣ್ಣೆ ಬಗ್ಸೋದು ಹೆಂಗ್ಲಾ? ನಿಮ್ ತಾತನ ಬಾಯಾಗಾ?"

ಸೋಪು ಹಾಕಿ ಉಜ್ಜಿದರೂ ಅದರಿಂದ ಬೋಂಡದ ವಾಸನೆ ಹೋಗಲಿಲ್ಲ. ಅದನ್ನು ಚೀಲಕ್ಕೆ ಹಾಕಿಕೊಂಡು ಉಳಿದದ್ದನ್ನು ಹುಡುಕಲು ಹೊರಟಾಗ ಬೀದಿನಾಯಿಗಳು ನನ್ನನ್ನು ಗೌಡಗೆರೆ ರಸ್ತೆಯವರೆಗೂ ಬೀಳ್ಕೊಟ್ಟವು.

ಊದುವ ಬಾಯಿ ಕೊರಟಗೆರೆಯಲ್ಲಿತ್ತು. ಅದನ್ನು ಒಯ್ದಿದ್ದವನು ಡಿಜೆ ಬಂದ ಮೇಲೆ ಬ್ಯಾಂಡ್ ಬಿಟ್ಟು, ಬಸ್‌ಸ್ಟ್ಯಾಂಡಿನಿಂದ ಗೊರವನಹಳ್ಳಿಗೆ ಆಟೋ ಹೊಡೆಯುತ್ತಿದ್ದ. ಆಟೋದ ಡಬ್ಬಿಯಲ್ಲಿದ್ದ ಸ್ಕ್ರೂ, ಊದುಬತ್ತಿ, ಹಳೇ ಬಲ್ಬುಗಳ ಮಧ್ಯೆ ಕೈಯಾಡಿಸಿ ತೆಗೆದುಕೊಟ್ಟ.

"ನಿಮ್ ತಾತ ಇನ್ನೂ ಅವ್ನಾ?"

"ಅವ್ನೆ. ಹಲ್ಲೂ ಬಂದೈತೆ."

"ಈ ವಯಸ್ಸಿಗಾ!" ಅಂದು, ಗಾಡಿ ತುಂಬಿತೆಂದು ಹೊರಟೇ ಹೋದ.

ಕುತ್ತಿಗೆ ಮಾತ್ರ ಪಾವಗಡದಲ್ಲಿ. ಬಾಯಿಗೂ ನಡುವಿನ ತುಂಡಿಗೂ ಮಧ್ಯೆ ಕೂರುವ ಗೇಣಿಗಿಂತ ಚಿಕ್ಕ ಕೊಳವೆ ಅದು. ಒಯ್ದವನು ತಾತನ ಕೈಯಲ್ಲೇ ಕಲಿತವನು, ಇನ್ನೂ ಊದುತ್ತಿದ್ದ. ನನ್ನ ಮಾತು ಕೇಳಿ ತಬ್ಬಿಬ್ಬಾಗಿ, ಪಾವಗಡದವರ ಅರ್ಧ ತೆಲುಗಿನಲ್ಲಿ ಶುರುಮಾಡಿದ.

"ಏಮಿರಾ ಅಬ್ಬಾಯಿ, ಕುತ್ತಿಗೆ ಕಿತ್ಕೊಟ್ರೆ ನಾ ಎಟ್ಲಾ ಊದ್ಲಿ? ಮುಂದಿನ ವಾರ ಮದ್ವೆ ಉಂದಿ ಕದಾ!"

"ಅಷ್ಟ್ರಾಗೆ ತರ್ತೀನಿ ಮಾವ. ತಾತ ಒಂದ್ಸಲ ಊದ್ಲಿ."

"ಅಂಗಾದ್ರೆ ಫೋನ್ ಇಟ್ಟೋಗು."

ಮನುಷ್ಯ ಕುಲದ ಇತಿಹಾಸದಲ್ಲಿ ಹದಿನಾರು ವರ್ಷದವನೊಬ್ಬ ತಾತನಿಗಾಗಿ ಫೋನು ಅಡ ಇಟ್ಟಿದ್ದು ಅದೇ ಮೊದಲಿರಬೇಕು. ವಾಪಸ್ ಬರುವಾಗ ಬಸ್ಸಿನಲ್ಲಿ ಮಾಡಲು ಏನೂ ಇಲ್ಲದೆ ಪಾವಗಡದಿಂದ ಮಧುಗಿರಿವರೆಗಿನ ಕಲ್ಲುಗಳನ್ನೆಲ್ಲ ನೋಡಿದೆ. ನಮ್ಮ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ.

ಆಮೇಲೆ ರಿಪೇರಿ ಶುರುವಾಯಿತು. ಕೀಲಿಗಳ ಅಡಿಯಲ್ಲಿ ತೂತು ಮುಚ್ಚುವ ಮೆತ್ತೆಗಳನ್ನು ಜಿರಳೆಗಳು ಸಂಸಾರ ಸಮೇತ ತಿಂದು ಮುಗಿಸಿದ್ದವು. ಹಳೇ ಪರ್ಸಿನ ಒಳಗಿನ ತೆಳು ಚರ್ಮ ಕತ್ತರಿಸಿ, ಕಂಬಳಿ ತುಂಡಿಗೆ ಸುತ್ತಿ ಹೊಸ ಮೆತ್ತೆ ಮಾಡಿದೆ. ಲೈಟರಿನಲ್ಲಿ ಅರಗು ಕರಗಿಸಿ ಅಂಟಿಸಿದೆ. ಮೊದಲು ಅಂಟಿದ್ದು ನನ್ನ ಹೆಬ್ಬೆರಳು. ಮುರಿದ ಸ್ಪ್ರಿಂಗಿನ ಜಾಗಕ್ಕೆ ಅವ್ವನ ಹೊಲಿಗೆ ಸೂಜಿ ಮುರಿದು ತುರುಕಿದೆ. ತಾತ ಪ್ರತಿ ಮೆತ್ತೆಯ ಕೆಳಗೂ ಸಿಗರೇಟಿನ ತೆಳು ಪೇಪರ್ ಇಟ್ಟು ಎಳೆದು ನೋಡುತ್ತಿದ್ದ. ಪೇಪರ್ ಸಲೀಸಾಗಿ ಬಂದರೆ ಗಾಳಿ ಸೋರುತ್ತದೆ ಎಂದರ್ಥ.

"ಕಿತ್ತು ಇನ್ನೊಂದ್ಸಲ ಹಾಕು. ಮೆತ್ತೆ ಹಾಕಿದ್ದೀಯೋ, ದೋಸೆ ಹುಯ್ದಿದ್ದೀಯೋ?"

ಕೊನೆಗೆ ನಡುವಿನ ತುಂಡಿನ ತೂತುಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಒಂದು ತುದಿಯನ್ನು ಅಂಗೈಗೆ ಒತ್ತಿ, ಇನ್ನೊಂದು ತುದಿಯಿಂದ ಗಾಳಿ ಹೀರಿದೆ. ಅದು ಜಿಗಣೆಯ ಹಾಗೆ ತುಟಿಗೆ ಕಚ್ಚಿಕೊಂಡಿತು. ಗಾಳಿ ಸೋರುತ್ತಿಲ್ಲವೆಂದು ತಾತ ತಲೆಯಾಡಿಸಿದ. ಶಿರಾದಲ್ಲಿ ನನ್ನ ಸಮಾನ ಮೆಕ್ಯಾನಿಕ್ ಇಲ್ಲವೆಂದು ಆಗಲೇ ಬೀದಿಗೆಲ್ಲ ಹೇಳಿ ಬಂದೆ.

ಕುತ್ತಿಗೆ, ಬಾಯಿ ಕೂರಿಸುವಾಗ ತಕರಾರು ಶುರುವಾಯಿತು. ಎರಡೂ ಲೊಡಲೊಡ ಅಂದವು. ಜೇನುಮೇಣ ಸವರಿದ ದಾರ ಸುತ್ತಿದೆ, ಬಿಗಿಯಾದವು. ತಾತ ಹಲ್ಲು ಸರಿಮಾಡಿಕೊಂಡು, ಮೀಸೆ ಒರೆಸಿಕೊಂಡು ಊದಿದ.

ಮೇಕೆಯ ಕಾಲು ತುಳಿದ ಹಾಗೆ ಒಂದು ಸದ್ದು. ಇನ್ನೊಮ್ಮೆ ಊದಿದ. ಕೆನ್ನೆ ನಡುಗಿತು, ಕಣ್ಣಲ್ಲಿ ನೀರು ಬಂತು, ಸ್ವರ ಬರಲಿಲ್ಲ. ಬಂದ ಒಂದೆರಡೂ ಶ್ರುತಿಗಿಂತ ಮೇಲೆ ಕಿರುಚಿದವು. ನಾನು ಬಾಗಿಲಲ್ಲಿ ನಿಂತಿದ್ದ ಬೀದಿ ಮಕ್ಕಳನ್ನು ಓಡಿಸಿದೆ.

ತಾತ ವಾದ್ಯದ ಬಾಯಿಯ ತುದಿಯನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಸವರಿದ. ಕುತ್ತಿಗೆಯನ್ನು ಬೆರಳಿನಿಂದ ಅಳೆದ.

"ಕೊರಟಗೆರೆಯೋನು ತುದೀನ ಉಜ್ಜವ್ನೆ. ಅವ್ನ ದಮ್ಮಿಗೆ ತಕ್ಕಂಗೆ. ನನ್ ಕೈಲಿ ಆಗಲ್ಲ ಅದು."

"ಕುತ್ತಿಗೆ?"

"ಅವ್ನದು ಶ್ರುತಿ ಇಳೀತಿತ್ತು. ಅದುಕ್ಕೆ ನನ್ ಕುತ್ತಿಗೇನ ಗಿಡ್ಡಕೆ ಕುಯ್ದವ್ನೆ."

"ಕೇಳ್ದೆ ಕುಯ್ದ್ಬುಟ್ನಾ? ಬ್ಯಾರೆ ಜೋಡ್ಸಾಕಾಗಲ್ವಾ?"

"ಕುಯ್ದಿದ್ ಉದ್ದ ಆಯ್ತದೇನ್ಲಾ?"

ತಾತ ಹಲ್ಲಿನ ಸೆಟ್ಟು ತೆಗೆದು ಸ್ಟೀಲ್ ಲೋಟದೊಳಕ್ಕೆ ಹಾಕಿದ. ಗೋಡೆ ಕಡೆ ತಿರುಗಿ ಮಲಗಿ, "ಕೊಟ್ಬುಟ್ ಬಾ. ಅವ್ನಿಗೆ ಮದ್ವೆ ಐತಲ್ಲ" ಅಂದ.

ಪಾವಗಡದವನು ನಾನು ಸುತ್ತಿದ್ದ ದಾರದ ಚೂರನ್ನು ಉಗುರಿನಿಂದ ಕೆರೆದು ಬಿಸಾಡಿದ. ಕುತ್ತಿಗೆಯನ್ನು ತನ್ನ ವಾದ್ಯಕ್ಕೆ ತಿರುಗಿಸಿ ಕೂರಿಸಿದ. ಅದು ಒಂದೇ ಸಲಕ್ಕೆ ಕೂತಿತು. ಬಾಗಿಲಲ್ಲೇ ನಿಂತು ಊದಿದ. ಎದುರು ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅಷ್ಟು ಚೆನ್ನಾಗಿತ್ತು, ದರಿದ್ರ. ವಾಪಸ್ ಬಂದ ಫೋನಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿಕೊಂಡೆ. ಅವನು ಊದಿ ಮುಗಿಸಿ, ನೀರು ಕುಡಿದು, ಬಸ್ ತಪ್ಪೀತು ಹೋಗು ಅಂದ. ಮಧುಗಿರಿ ಬರುವ ಮೊದಲೇ ಆ ರೆಕಾರ್ಡಿಂಗನ್ನು ಡಿಲೀಟ್ ಮಾಡಿದೆ.

ತಾತ ಜಗಲಿಯಲ್ಲಿ ಕೂತಿದ್ದ, ಬೊಚ್ಚುಬಾಯಲ್ಲಿ.

"ಊದುದ್ನಾ?"

"ಊದ್ದ. ಕತ್ತೆ ಕೂಗ್ದಂಗಿತ್ತು. ಬೀದಿಯೋರೆಲ್ಲ ಕಲ್ ತಗಂಡ್ರು."

"ಸುಳ್ ಹೇಳ್ಬ್ಯಾಡ್ಲಾ. ಕಲಿಸ್ದೋನು ನಾನು."

ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

"ನನ್ ಇಚಾರ ಏನಾದ್ರೂ ಕೇಳುದ್ನಾ?"

"ಇಲ್ಲ" ಅಂದೆ.

ಅಷ್ಟರಲ್ಲಿ ಒಳಗಿನಿಂದ ಅವ್ವ ಕೂಗಿದಳು: "ಆ ಗಂಟೆ ತತ್ತಾರ್ಲಾ, ಎಣ್ಣೆ ಬಗ್ಸಬೇಕು."

ಪೆಟ್ಟಿಗೆಯಿಂದ ತೆಗೆದು ಕೊಟ್ಟೆ.